ಗಿಡದ ಜಾಗದಲ್ಲಿ ಕೂತು ನೋಡಿ, ಆಕಾಶ ಕಾಣುತ್ತದಾ?

ಮನೆಯೊಳಗೆ ಗಿಡ ಜೋಡಿಸಿಕೊಡುವುದು ನನ್ನ ಕೆಲಸ. ಯಾರ ಮನೆಗೆ ಹೋದರೂ ಮೊದಲು ತೋರಿಸುವುದು ಒಂದು ಖಾಲಿ ಮೂಲೆಯನ್ನು. "ಇಲ್ಲೊಂದು ದೊಡ್ಡ ಗಿಡ ಇಟ್ರೆ ಚೆನ್ನಾಗಿರುತ್ತೆ ಅಲ್ವಾ?" ಸೋಫಾ, ಟಿವಿ, ಕಪಾಟು ಎಲ್ಲಕ್ಕೂ ಜಾಗ ಆದ ಮೇಲೆ ಉಳಿದದ್ದು ಗಿಡಕ್ಕೆ. ಆದರೆ ಆ ಮೂಲೆ ಹಾಗೆ ಉಳಿದದ್ದೇಕೆ? ಮಬ್ಬಾಗಿದೆ ಅಂತ ಅಲ್ಲಿ ಯಾರೂ ಕೂತಿಲ್ಲ, ಅಷ್ಟೇ.

ಶುರುವಿನ ದಿನಗಳಲ್ಲಿ ನಾನೂ ಇಂಥ ಮೂಲೆ ತುಂಬಿಸಿದ್ದೇನೆ. ಆಳೆತ್ತರದ ಫಿಡಲ್ ಲೀಫ್ ಫಿಗ್. ಕಿಟಕಿಯಿಂದ ಬರೀ ಮೂರು ಅಡಿ ದೂರ, ಬೆಳಕಿಗೇನು ಕಮ್ಮಿ ಅಂದುಕೊಂಡೆ. ಇಟ್ಟು ಫೋಟೋ ಕೂಡ ತೆಗೆದೆ. ಮೂರೇ ವಾರಕ್ಕೆ ಫೋನು ಬಂತು: ಕೆಳಗಿನ ಎಲೆಗಳು ಒಂದೊಂದೇ ಬೀಳುತ್ತಿವೆ. ಹೋಗಿ ನೋಡಿದೆ, ನೀರು ಸರಿಯಾಗಿತ್ತು, ಹುಳ ಇರಲಿಲ್ಲ. ಏನೂ ತೋಚದೆ ಕುಂಡದ ಪಕ್ಕ ನೆಲದ ಮೇಲೆ ಕೂತೆ. ಆಗ ಗೊತ್ತಾಯಿತು. ಗಿಡ ಇದ್ದದ್ದು ಕಿಟಕಿಯ ಪಕ್ಕದಲ್ಲಿ, ಆದರೆ ಕಿಟಕಿ ಇರುವ ಗೋಡೆಗೇ ಒರಗಿಕೊಂಡು. ಅಲ್ಲಿಂದ ಕಿಟಕಿಯ ಚೌಕಟ್ಟು ಕಾಣುತ್ತಿತ್ತು, ಹೊರಗಿನ ಆಕಾಶದ ಒಂದು ಚೂರೂ ಕಾಣುತ್ತಿರಲಿಲ್ಲ. ಬೆಳಕೆಲ್ಲ ಅದರ ಮುಂದೆಯೇ ಹಾದು ಎದುರು ಗೋಡೆಗೆ ಬೀಳುತ್ತಿತ್ತು. ಗಿಡವನ್ನು ಕಿಟಕಿಯ ಎದುರಿಗೇ ಎಳೆದಿಟ್ಟೆವು. ದೂರ ಇನ್ನೂ ಒಂದಡಿ ಜಾಸ್ತಿಯೇ ಆಯಿತು. ಆದರೂ ಎರಡು ತಿಂಗಳಲ್ಲಿ ತುದಿಯಲ್ಲಿ ಹೊಸ ಎಲೆ ಬಂತು.

ಅಂದಿನಿಂದ ಇದು ನನ್ನ ಮೊದಲ ಪರೀಕ್ಷೆ. ಗಿಡದ ಎಲೆಗಳು ಬರುವ ಎತ್ತರಕ್ಕೆ ಕಣ್ಣಿಟ್ಟು ಕಿಟಕಿಯತ್ತ ನೋಡುತ್ತೇನೆ. ಆಕಾಶ ಎಷ್ಟು ಕಾಣುತ್ತದೋ ಬೆಳಕು ಅಷ್ಟು. ಎದುರಿಗೆ ಎತ್ತರದ ಕಟ್ಟಡವಿದ್ದರೆ ದೊಡ್ಡ ಕಿಟಕಿಯೂ ಲೆಕ್ಕಕ್ಕಿಲ್ಲ. ಎರಡನೆಯದು ನೆರಳು. ಮಧ್ಯಾಹ್ನ ದೀಪ ಆರಿಸಿ, ಬಿಳಿ ಹಾಳೆಯ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಗೆರೆ ಎಳೆದ ಹಾಗಿದ್ದರೆ ಒಳ್ಳೆಯ ಬೆಳಕು. ಕೈಯ ಆಕಾರ ಮಾತ್ರ ಮಸುಕಾಗಿ ಕಂಡರೆ ಮಧ್ಯಮ. ನೆರಳೇ ಇಲ್ಲದಿದ್ದರೆ ಅಲ್ಲಿ ಗಿಡ ಬೇಡ, ದೀಪ ಇಡಿ.

"ರೂಮೆಲ್ಲ ಬೆಳಕಾಗಿಯೇ ಇದೆಯಲ್ಲ" ಅನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಬೆಳಕನ್ನು ಅಳೆಯುವುದು ಲಕ್ಸ್‌ ಲೆಕ್ಕದಲ್ಲಿ. ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್. ಕೋಣೆಯ ನಡುವೆ ಎಷ್ಟೋ ಸಲ ಕೆಲವು ನೂರು ಲಕ್ಸ್ ಕೂಡ ಇರುವುದಿಲ್ಲ. ನಮ್ಮ ಕಣ್ಣು ಹೊಂದಿಕೊಂಡು ಬಿಡುತ್ತದೆ, ಹಾಗಾಗಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಲೆಗೆ ಆ ಉಪಾಯ ಇಲ್ಲ. ಬೆಳಕೇ ಅದರ ಊಟ.

ಹಾಗಾದರೆ "ಕತ್ತಲಲ್ಲೂ ಬೆಳೆಯುತ್ತೆ" ಅಂತ ಮಾರುವ ಸ್ನೇಕ್ ಪ್ಲಾಂಟ್, ಝಡ್‌ಝಡ್ ಪ್ಲಾಂಟ್? ನಿಜ ಹೇಳಬೇಕೆಂದರೆ ಅವು ಕತ್ತಲಲ್ಲಿ ಬೆಳೆಯುವುದಿಲ್ಲ, ಸಾಯುವುದಕ್ಕೆ ತಡ ಮಾಡುತ್ತವೆ. ಝಡ್‌ಝಡ್ ಗಿಡವನ್ನು ಕುಂಡದಿಂದ ಎತ್ತಿದರೆ ಬುಡದಲ್ಲಿ ದಪ್ಪ ಗಡ್ಡೆಗಳು ಸಿಗುತ್ತವೆ. ಕೂಡಿಟ್ಟ ನೀರು, ಆಹಾರ ಎಲ್ಲ ಅಲ್ಲಿದೆ. ಅದನ್ನೇ ಕರಗಿಸಿಕೊಂಡು ತಿಂಗಳುಗಟ್ಟಲೆ ಹಸಿರಾಗಿ ನಿಂತಿರುತ್ತದೆ. ನಾವು ಖುಷಿಯಾಗಿದೆ ಅಂದುಕೊಳ್ಳುತ್ತೇವೆ. ಮಬ್ಬು ಮೂಲೆಗೆ ಗಿಡ ಬೇಕೇ ಬೇಕು ಅನ್ನುವವರಿಗೆ ನಾನು ಒಂದೇ ಥರದ ಎರಡು ಗಿಡ ಕೊಡುತ್ತೇನೆ. ಒಂದು ಕಿಟಕಿಯ ಬಳಿ, ಒಂದು ಮೂಲೆಯಲ್ಲಿ. ಎರಡು ವಾರಕ್ಕೊಮ್ಮೆ ಅದಲು ಬದಲು. ಬಂದವರಿಗೆ ಗೊತ್ತೂ ಆಗುವುದಿಲ್ಲ.

ಎಲೆಯಲ್ಲಿ ಬಿಳಿ, ಹಳದಿ ಪಟ್ಟೆ ಇರುವ ತಳಿಗಳಿಗೆ ಬೆಳಕು ಇನ್ನೂ ಜಾಸ್ತಿ ಬೇಕು. ಬಿಳಿ ಭಾಗದಲ್ಲಿ ಅಡುಗೆ ನಡೆಯುವುದಿಲ್ಲವಲ್ಲ.

ಜಾಗ ಗೊತ್ತಾದ ಮೇಲೆ ಅಂದ ಚಂದದ ಮಾತು. ಜನ ಮಾಡುವ ದೊಡ್ಡ ತಪ್ಪು, ಹತ್ತು ಪುಟ್ಟ ಕುಂಡಗಳನ್ನು ಹತ್ತು ಕಡೆ ಹಂಚುವುದು. ಟೀಪಾಯಿ ಮೇಲೊಂದು, ಟಿವಿ ಪಕ್ಕ ಒಂದು, ಮೆಟ್ಟಿಲಿಗೊಂದು. ನೋಡಲು ಚೆಲ್ಲಾಪಿಲ್ಲಿ, ನೀರು ಹಾಕಲು ಮನೆಯೆಲ್ಲ ಸುತ್ತಬೇಕು. ಅದೇ ಹತ್ತನ್ನು ಕಿಟಕಿಯ ಹತ್ತಿರ ಒಂದೇ ಗುಂಪಾಗಿ ಇಡಿ. ಹಿಂದೆ ಎತ್ತರದ್ದು, ನಡುವೆ ಅಗಲ ಎಲೆಯದ್ದು, ಮುಂದೆ ಅಂಚಿನಿಂದ ಇಳಿಬೀಳುವಂಥದ್ದು. ಒಂದೇ ಎತ್ತರದವು ಸಾಲಾಗಿ ನಿಂತರೆ ಶಾಲೆಯ ಗ್ರೂಪ್ ಫೋಟೋ ಥರ ಕಾಣುತ್ತದೆ, ಅದಕ್ಕೆ ಕೆಲವನ್ನು ಸ್ಟೂಲಿನ ಮೇಲೆ ಏರಿಸಿ. ಕುಂಡಗಳ ಬಣ್ಣ ಒಂದೋ ಎರಡೋ ಸಾಕು. ಎಲೆಗಳೇ ಬೇರೆ ಬೇರೆ ಇರುವಾಗ ಕುಂಡಗಳು ಸುಮ್ನೆ ಇದ್ದರೆ ಒಳ್ಳೆಯದು.

ನನಗೆ ತುಂಬ ಇಷ್ಟವಾದ ಗಿಡ ಯಾವುದು ಗೊತ್ತಾ? ಎಲ್ಲರ ಮನೆಯಲ್ಲೂ ಇರುವ ಮನಿ ಪ್ಲಾಂಟ್. ಅದನ್ನು ಇಳಿಬಿಟ್ಟರೆ ಬರಬರುತ್ತಾ ಎಲೆ ಸಣ್ಣದಾಗುತ್ತದೆ. ಅದೇ ಬಳ್ಳಿಯನ್ನು ಪಾಚಿ ಸುತ್ತಿ ಒದ್ದೆಯಾಗಿಟ್ಟ ಕೋಲಿಗೆ ಕಟ್ಟಿ ಮೇಲಕ್ಕೆ ಹತ್ತಿಸಿ, ಎಲೆ ಅಗಲವಾಗುತ್ತಾ ಹೋಗುತ್ತದೆ. ಕಾಡಿನಲ್ಲಿ ಮರ ಹತ್ತುವ ಬಳ್ಳಿ ಅದು, ಬೇರಿಗೆ ಹಿಡಿದುಕೊಳ್ಳಲು ಏನಾದರೂ ಸಿಕ್ಕರೆ ಹುಮ್ಮಸ್ಸು ಬರುತ್ತದೆ. ದುಬಾರಿ ಗಿಡ ತರುವ ಮುಂಚೆ ಇದನ್ನೊಂದು ವರ್ಷ ಹತ್ತಿಸಿ ನೋಡಿ. ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಮಾತ್ರ ಕೈಗೆ, ಬಾಯಿಗೆ ಸಿಗದಂತೆ ಇಡಬೇಕು. ಮನಿ ಪ್ಲಾಂಟ್, ಡಿಫೆನ್‌ಬಾಕಿಯಾ, ಮಾನ್ಸ್ಟೆರಾ, ಪೀಸ್ ಲಿಲಿ ಇವೆಲ್ಲದರಲ್ಲೂ ಸೂಜಿಯಂಥ ಹರಳುಗಳಿವೆ. ಅಗಿದರೆ ಬಾಯಿ, ಗಂಟಲು ಉರಿಯುತ್ತದೆ.

ಗಾಳಿ ಶುದ್ಧವಾಗುತ್ತೆ ಅಂತ ಗಿಡ ಕೇಳುವವರೂ ಇದ್ದಾರೆ. ಆ ಮಾತು ಹಬ್ಬಿದ್ದು 1989ರ ನಾಸಾ ಪ್ರಯೋಗದಿಂದ. ಅದು ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2019ರ ಒಂದು ವಿಶ್ಲೇಷಣೆಯ ಪ್ರಕಾರ, ಕಿಟಕಿಯ ಗಾಳಿಗೆ ಸಾಟಿಯಾಗಲು ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಅಷ್ಟಾದರೆ ನಾವು ಹೊರಗೆ ಮಲಗಬೇಕಾಗುತ್ತದೆ. ಚಂದಕ್ಕೆ ಅಂತಲೇ ಇಡಿ, ಅದರಲ್ಲಿ ನಾಚಿಕೆ ಏನು?

ಕೊನೆಗೆ ಕುಂಡದ ಒಂದು ವಿಷಯ, ಯಾಕೆಂದರೆ ನನಗೆ ಬರುವ ದೂರುಗಳಲ್ಲಿ ಇದೇ ಹೆಚ್ಚು. ಅಲಂಕಾರದ ಕುಂಡಗಳಿಗೆ ಸಾಮಾನ್ಯವಾಗಿ ತಳದಲ್ಲಿ ತೂತು ಇರುವುದಿಲ್ಲ. ಅದರಲ್ಲಿ ಮಣ್ಣು ತುಂಬಬೇಡಿ. ತಳಕ್ಕೆ ಜಲ್ಲಿ ಹಾಕಿದರೂ ಪ್ರಯೋಜನವಿಲ್ಲ, ನೀರು ಜಲ್ಲಿಗೆ ಇಳಿಯದೆ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಗಿಡ ನರ್ಸರಿಯ ಪ್ಲಾಸ್ಟಿಕ್ ಕುಂಡದಲ್ಲೇ ಇರಲಿ, ಅದನ್ನು ಚಂದದ ಕುಂಡದೊಳಗೆ ಇಳಿಸಿ. ನೀರು ಹಾಕಿದ ಅರ್ಧ ಗಂಟೆಯ ಮೇಲೆ ಒಳಗಿನದನ್ನು ಎತ್ತಿ ನೋಡಿ. ಮೊನ್ನೆ ಒಂದು ಮನೆಯಲ್ಲಿ "ದಿನಾ ಒಂದೇ ಲೋಟ ನೀರು ಹಾಕ್ತೀನಿ, ಆದ್ರೂ ಒಣಗ್ತಾ ಇದೆ" ಅಂದರು. ಪೀಸ್ ಲಿಲಿ ಜೋತುಬಿದ್ದಿತ್ತು. ಒಳಗಿನ ಕುಂಡ ಎತ್ತಿದೆ. ಕೆಳಗೆ ನಾಲ್ಕು ಬೆರಳು ನೀರು ನಿಂತಿತ್ತು, ಜೊತೆಗೆ ಕೊಳೆತ ವಾಸನೆ. ಅವರು ಮೂಗು ಮುಚ್ಚಿಕೊಂಡು ಕೈಯಲ್ಲಿದ್ದ ಲೋಟ ಕೆಳಗಿಟ್ಟರು.