ಮುನ್ನೂರು ಪೀಸ್ ತಗೊಂಡರೆ ರೇಟು ಇಳಿಯಲ್ವಾ?

ಗಣೇಶನ ಹಬ್ಬ ಮುಗಿಯುತ್ತಿದ್ದಂತೆ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ಥರ. ಔಟರ್ ರಿಂಗ್ ರೋಡಿನ ಯಾವುದೋ ಕಂಪನಿ, ಇಲ್ಲವೇ ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿನ ಮಹಿಳಾ ಬಳಗ. ದೀಪಾವಳಿ ಉಡುಗೊರೆಗೆ ನಿರಾಶ್ರಿತ ಮಹಿಳೆಯರು ಕೈಯಲ್ಲೇ ಮಾಡಿದ ಪೌಚು, ಚೀಲ, ತೋರಣ ಬೇಕು ಅನ್ನುತ್ತಾರೆ. ಮಾದರಿ ನೋಡಿ ಮನಸಾರೆ ಮೆಚ್ಚುತ್ತಾರೆ, ಕೆಲವರ ಕಣ್ಣಲ್ಲಿ ನೀರೂ ಬರುತ್ತದೆ. ಅದಾದ ಮೇಲೆ ಬರುವ ಮಾತು ಇದು: "ಮೇಡಂ, ಒಂದಕ್ಕೆ ಈ ರೇಟು ಸರಿ. ಮುನ್ನೂರು ತಗೊಂಡ್ರೆ ಎಷ್ಟಕ್ಕೆ ಕೊಡ್ತೀರಿ?"

ಅಷ್ಟಕ್ಕೇ ಕೊಡ್ತೀವಿ. ಈ ಉತ್ತರ ಕೇಳಿ ಮುಖ ಸಣ್ಣದು ಮಾಡಿಕೊಂಡವರು ಬಹಳ ಜನ. ಅವರಲ್ಲಿ ಯಾರೂ ಕೆಟ್ಟವರಲ್ಲ, ಸಹಾಯ ಮಾಡಬೇಕೆಂದೇ ಬಂದವರು. ಅದಕ್ಕೇ ಇದನ್ನು ಬಿಡಿಸಿ ಹೇಳಲೇಬೇಕು ಅನಿಸಿದೆ.

ನಾನು ಮೊದಲು ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕಾಸ್ಟಿಂಗ್ ನೋಡುತ್ತಿದ್ದವಳು. ಅಲ್ಲಿ ಒಂದು ಕಾಲರ್ ಹಚ್ಚುವುದಕ್ಕೆ ಎಷ್ಟು ನಿಮಿಷ, ಒಂದು ಕಾಜಾಕ್ಕೆ ಎಷ್ಟು ಸೆಕೆಂಡು ಎಂದು ಎಲ್ಲಕ್ಕೂ ಅಳತೆ ಇರುತ್ತದೆ. ಸ್ಯಾಮ್ ಅಂತಾರೆ ಅದಕ್ಕೆ. ಆ ನಿಮಿಷದ ಮೇಲೆ ಶರ್ಟಿನ ಬೆಲೆ ನಿಲ್ಲುತ್ತದೆ. ಈಗ ಮಾಡುವುದೂ ಅದೇ ಕೆಲಸ. ಬೇರೆ ಬೇರೆ ದೇಶದಿಂದ ಬಂದು ಈ ಊರಲ್ಲಿ ನೆಲೆ ನಿಂತ ಹೆಂಗಸರು ಕಸೂತಿ, ಕ್ರೋಶಾ, ಕೈಹೊಲಿಗೆ ಮಾಡುತ್ತಾರೆ, ಅವರ ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ನಾನು ಬೆಲೆ ಕಟ್ಟುತ್ತೇನೆ. ಕಾರ್ಖಾನೆಯವರು ನಿಮಿಷದ ಲೆಕ್ಕ ಹೇಳಿದರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಕೈಕೆಲಸದವರು ಹೇಳಿದಾಗ ಮಾತ್ರ ಚೌಕಾಸಿ ಶುರುವಾಗುತ್ತದೆ.

ಹೆಚ್ಚು ತಗೊಂಡರೆ ಕಡಿಮೆ ಆಗುತ್ತದೆ ಎಂಬ ನಂಬಿಕೆ ಬಂದದ್ದು ಯಂತ್ರದಿಂದ. ಚಿಕ್ಕಪೇಟೆ ಕಡೆ ಲಗ್ನಪತ್ರಿಕೆ ಮಾಡಿಸಿದವರಿಗೆ ಗೊತ್ತು: ನೂರಕ್ಕೂ ಸಾವಿರಕ್ಕೂ ಒಟ್ಟು ಬಿಲ್ಲಿನಲ್ಲಿ ಹತ್ತು ಪಟ್ಟು ವ್ಯತ್ಯಾಸ ಇರುವುದಿಲ್ಲ. ಖರ್ಚೆಲ್ಲ ಶುರುವಿನಲ್ಲೇ ಇದೆ, ಡಿಸೈನು, ಪ್ಲೇಟು, ಮಿಷನ್ ಹೊಂದಿಸುವುದು. ಮೊದಲ ಪತ್ರಿಕೆ ಹೊರಬರುವ ಹೊತ್ತಿಗೆ ದೊಡ್ಡ ಖರ್ಚು ಮುಗಿದಿರುತ್ತದೆ, ಆಮೇಲಿನವು ಅದನ್ನು ಹಂಚಿಕೊಳ್ಳುತ್ತವೆ. ಕೈಯಲ್ಲಿ ಹಾಕುವ ಹೂವಿಗೆ ಪ್ಲೇಟಿಲ್ಲ. ಮುನ್ನೂರನೇ ಪೌಚಿನ ಮೇಲಿನ ಎಲೆಗೂ ಸೂಜಿ ಅಷ್ಟೇ ಸಲ ಮೇಲೆ ಬಂದು ಕೆಳಗೆ ಹೋಗಬೇಕು.

ಏನೂ ಇಳಿಯುವುದೇ ಇಲ್ಲವೇ ಅಂದರೆ, ಸ್ವಲ್ಪ ಇಳಿಯುತ್ತದೆ. ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ಬಿಟ್ಟು ಇಡೀ ಥಾನು ತರಬಹುದು. ಜಿಪ್ಪನ್ನು ರೋಲಿನಲ್ಲಿ ಕೊಳ್ಳಬಹುದು. ಪೇಟೆಗೆ ಹೋಗಿಬರುವ ಆಟೋ ಖರ್ಚು ಹೆಚ್ಚು ಪೀಸಿನ ಮೇಲೆ ಹರಡುತ್ತದೆ. ಇದೆಲ್ಲ ಸೇರಿ ಒಂದು ಪೀಸಿಗೆ ಐದೋ ಎಂಟೋ ರೂಪಾಯಿ ಆಗುತ್ತದೆ. ಅಷ್ಟನ್ನು ನಾವೇ ಬಿಡುತ್ತೇವೆ, ಕೇಳಬೇಕಾಗಿಲ್ಲ. "ಮಾಡ್ತಾ ಮಾಡ್ತಾ ಕೈ ಸ್ಪೀಡ್ ಆಗುತ್ತಲ್ವಾ?" ಅಂತ ಕೇಳುವವರೂ ಇದ್ದಾರೆ. ಆಗುತ್ತದೆ, ಮೊದಲ ಏಳೆಂಟು ಪೀಸಿನ ತನಕ. ಅದಕ್ಕೇ ನಾನು ಮೊದಲ ಪೀಸನ್ನು ಅಳೆಯುವುದೇ ಇಲ್ಲ, ಕೈ ಕೂತ ಮೇಲಿನ ಪೀಸನ್ನು ಅಳೆಯುತ್ತೇನೆ. ನಿಮಗೆ ಹೇಳಿದ ರೇಟಿನಲ್ಲಿ ಆ ಸ್ಪೀಡು ಆಗಲೇ ಸೇರಿದೆ.

ನಿಜ ಹೇಳಬೇಕೆಂದರೆ ದೊಡ್ಡ ಆರ್ಡರಿನಲ್ಲಿ ಒಂದೊಂದು ಪೀಸಿನ ಖರ್ಚು ಏರುವುದೇ ಜಾಸ್ತಿ. ದಿನಕ್ಕೆ ನಾಲ್ಕೈದು ಗಂಟೆ ಆದ ಮೇಲೆ ಕಣ್ಣು ಸೋಲುತ್ತದೆ, ಹೆಬ್ಬೆರಳ ಬುಡ ನೋಯುತ್ತದೆ, ಎಳೆ ತಪ್ಪುತ್ತದೆ. ತಪ್ಪಿದ್ದನ್ನು ಬಿಚ್ಚಿ ಮತ್ತೆ ಹಾಕಲು ಹಾಕಿದ್ದಕ್ಕಿಂತ ಹೆಚ್ಚು ಹೊತ್ತು ಬೇಕು. ದಿನ ಕಡಿಮೆ ಇದ್ದರೆ ಹೊಸಬರನ್ನು ಸೇರಿಸಬೇಕು, ಅವರಿಗೆ ಕಲಿಸಲು ಚೆನ್ನಾಗಿ ಮಾಡುವವರೇ ಸೂಜಿ ಕೆಳಗಿಡಬೇಕು. ಹದಿನೈದು ದಿನದಲ್ಲಿ ಮುನ್ನೂರು ಬೇಕು, ರೇಟೂ ಇಳಿಸಿ ಅನ್ನುವವರು ಎರಡು ಕಡೆಯಿಂದಲೂ ಆ ಹೆಂಗಸಿನ ನಿದ್ದೆಯನ್ನೇ ಕೇಳುತ್ತಿದ್ದಾರೆ.

ಒಂದು ಪೌಚಿನ ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಹಿಡಿದವು, ಗುಂಪಿನಿಂದ ಗುಂಪಿಗೆ ಬೇರೆ ಇರಬಹುದು. ಮೇಲಿನ ಬಟ್ಟೆ, ಅಸ್ತರು, ಜಿಪ್ಪು, ದಾರ, ಹಾಳಾಗುವ ಚೂರೂ ಸೇರಿ 79 ರೂಪಾಯಿ. ಪೂರ್ತಿ ಮುಖಕ್ಕೆ ಕಸೂತಿ ಇದ್ದರೆ ಗೆರೆ ಎಳೆಯುವುದು, ಕಸೂತಿ, ಹೊಲಿಗೆ, ಇಸ್ತ್ರಿ ಎಲ್ಲ ಕೂಡಿ ನಾಲ್ಕೂವರೆ ಗಂಟೆ. ಗಂಟೆಗೆ 70 ರೂಪಾಯಿ ಹಿಡಿದರೆ, ಅಂದರೆ ಎಂಟು ಗಂಟೆಯ ದಿನಕ್ಕೆ 560, ಕೂಲಿ 315 ಆಗುತ್ತದೆ. ಸಾಮಾನು ಕೂಲಿ ಸೇರಿ 394. ಗುಂಪಿನ ಓಡಾಟ, ಮಾದರಿ, ಪರೀಕ್ಷೆ, ತಿರಸ್ಕಾರವಾದ ಪೀಸು ಇವಕ್ಕೆ ನೂರಕ್ಕೆ 20 ಸೇರಿಸಿದರೆ 473. ಇದು ಅಂಗಡಿಯಲ್ಲಿ ಕೂರಬೇಕೆಂದರೆ ಅಂಗಡಿಯವರು ಮಾರುವ ಬೆಲೆಯಲ್ಲಿ ನೂರಕ್ಕೆ 45ರ ಹತ್ತಿರ ಕೇಳುತ್ತಾರೆ, ಬಾಡಿಗೆ ಅವರಿಗೂ ಇದೆ. ಅಲ್ಲಿಗೆ ಚೀಟಿಯ ಮೇಲೆ 860.

ಇಷ್ಟು ದುಬಾರಿ ಆಯಿತು ಅನಿಸಿದರೆ ಅದು ಸರಿಯಾದ ಮಾತು, 860ರ ಪೌಚನ್ನು ಎಲ್ಲರೂ ಕೊಳ್ಳಲಾರರು. ಆಗ ಇಳಿಸಬೇಕಾದ್ದು ಕೆಲಸ. 70ನ್ನು 30 ಮಾಡಬೇಡಿ, ಎಲೆಗಳನ್ನು ಕಡಿಮೆ ಮಾಡಿ. ಮುಖ ಪೂರ್ತಿ ತುಂಬುವ ಬದಲು ಒಂದು ಮೂಲೆಗೆ ಒಂದೇ ರೆಂಬೆ ಇಟ್ಟರೆ ಒಟ್ಟು ಒಂದು ಗಂಟೆ ನಲವತ್ತು ನಿಮಿಷದಲ್ಲಿ ಮುಗಿಯುತ್ತದೆ. ಕೂಲಿ 117, ಗುಂಪಿನ ಖರ್ಚು ಸೇರಿ 235, ಅಂಗಡಿಯಲ್ಲಿ 430ರ ಸುಮಾರು. ಹೊಲಿದವಳ ಗಂಟೆಯ ದುಡ್ಡು ಒಂದು ಪೈಸೆಯೂ ಕಡಿಮೆಯಾಗಲಿಲ್ಲ. ನಿಮ್ಮ ಬಜೆಟ್ಟು ಮೊದಲೇ ಹೇಳಿ ಅಂತ ನಾನು ಗೋಗರೆಯುವುದು ಇದಕ್ಕೇ. ಆ ಅಂಕಿ ಗೊತ್ತಾದರೆ ಡಿಸೈನನ್ನು ಅದರೊಳಗೆ ಕೂರಿಸಬಹುದು. ಮಾದರಿ ಒಪ್ಪಿದ ಮೇಲೆ ಬೆಲೆ ಎಳೆದರೆ ಎಳೆಯಲು ಉಳಿದಿರುವುದು ಕೂಲಿಯೊಂದೇ.

ಚಿತ್ರಕಲಾ ಪರಿಷತ್ತಿನಲ್ಲಿ ಕರಕುಶಲ ಮೇಳ ನಡೆಯುತ್ತಿದ್ದಾಗ ನಮ್ಮ ಗುಂಪಿನ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅಫ್ಘಾನಿಸ್ತಾನದ ಕಂದಹಾರ್ ಕಡೆಯವರು, ಐವತ್ತು ದಾಟಿದೆ. ಅವರ ಊರಿನ ಕಸೂತಿಗೆ ಖಾಮಕ್ ಅಂತಾರೆ. ಬಟ್ಟೆಯ ನೇಯ್ಗೆಯ ಎಳೆಗಳನ್ನೇ ಎಣಿಸಿಕೊಂಡು ರೇಷ್ಮೆ ದಾರ ತುಂಬುತ್ತಾ ಹೋಗುವ ಕೆಲಸ. ಒಂದು ಮಳಿಗೆಯಲ್ಲಿ ಧಾರವಾಡದ ಕಸೂತಿ ಹಾಕಿದ ಇಳಕಲ್ ಸೀರೆ ಹರಡಿತ್ತು. ಈಯಮ್ಮ ಅದರ ಮೇಲೆ ಹಾಕಿದ್ದ ತೇರನ್ನೂ ನೋಡಲಿಲ್ಲ, ಗೋಪುರವನ್ನೂ ನೋಡಲಿಲ್ಲ, ಸೆರಗಿನ ತುದಿ ಹಿಡಿದು ಮೊದಲು ಹಿಂಭಾಗ ತಿರುಗಿಸಿದರು. ಗಂಟು ಹುಡುಕುತ್ತಿದ್ದಾರೆ ಅಂತ ಮಳಿಗೆಯಾಕೆಗೆ ತಕ್ಷಣ ಗೊತ್ತಾಯಿತು. "ಗಂಟ ಇಲ್ಲರೀ ಅಕ್ಕಾರ, ಎರಡೂ ಕಡೆ ಒಂದ ಥರ ಐತಿ ನೋಡ್ರಿ" ಅಂದರು. ಇವರಿಗೆ ಕನ್ನಡ ಅಷ್ಟಕ್ಕಷ್ಟೆ, ಅವರಿಗೆ ಪಷ್ತೊ ಗೊತ್ತಿಲ್ಲ. ಆದರೂ ಮಳಿಗೆಯಾಕೆ ಗವಂತಿ, ಮುರ್ಗಿ ಎಂಬ ಎರಡು ಹೊಲಿಗೆಗಳನ್ನೂ ಅಲ್ಲೇ ಚೂರು ಬಟ್ಟೆಯ ಮೇಲೆ ಹಾಕಿ ತೋರಿಸಿದರು, ಇವರು ಒಂದು ಸಾಲು ಖಾಮಕ್ ಹಾಕಿದರು. ಮಳಿಗೆಯಾಕೆ ಸೂಜಿಯ ತುದಿಯಿಂದ ಎಳೆ ಎಣಿಸಿ, ನಾಲ್ಕು ಅಂತ ಬೆರಳು ತೋರಿಸಿದರು. ಇವರು ತಲೆ ಆಡಿಸಿ ಮೂರು ಅಂತ ತೋರಿಸಿದರು. ನಾನು ಬದಿಯಲ್ಲಿ ನಿಂತು ನೋಡುತ್ತಿದ್ದೆ. ಇವೆರಡೂ, ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳದೆ ಎಣಿಸಿ ಹಾಕುವ ಕಸೂತಿ. ಒಂದು ಎಳೆ ತಪ್ಪಿದರೆ ಸಾಲೇ ಓರೆ, ಅಲ್ಲಿಂದ ಪೂರ್ತಿ ಬಿಚ್ಚಬೇಕು. ಇಂಥ ಕೆಲಸಕ್ಕೆ ಬೇಗ ಬೇಗ ಅನ್ನುವ ಮಾತು ಹತ್ತುವುದಿಲ್ಲ.

"ಹೇಗೂ ಮನೆಯಲ್ಲೇ ಇರ್ತಾರಲ್ಲ, ಬಿಡುವಿನಲ್ಲಿ ಮಾಡ್ತಾರೆ" ಅನ್ನುವುದು ನನಗೆ ಹೆಚ್ಚು ಕೋಪ ತರಿಸುವ ಮಾತು. ಬೆಂಗಳೂರಿನ ಬೀದಿಬೀದಿಯಲ್ಲಿ ಸೀರೆಗೆ ಕುಚ್ಚು ಹಾಕುವ ಹೆಂಗಸರಿದ್ದಾರೆ, ಅಗರಬತ್ತಿ ಹೊಸೆಯುವವರಿದ್ದಾರೆ. ಅವರು ಬಿಡುವಿನಲ್ಲಿ ಮಾಡುತ್ತಿಲ್ಲ, ಅಡುಗೆಗೂ ನಲ್ಲಿ ನೀರಿಗೂ ಮಕ್ಕಳ ಸ್ಕೂಲಿಗೂ ನಡುವೆ ಹೊತ್ತು ಕದ್ದು ಮಾಡುತ್ತಾರೆ. 1948ರ ಕನಿಷ್ಠ ವೇತನ ಕಾಯ್ದೆಯ ವಿವರಣೆಯಲ್ಲೇ, ಸಾಮಾನು ಮನೆಗೆ ಒಯ್ದು ಕೆಲಸ ಮಾಡಿಕೊಡುವವರೂ ನೌಕರರು ಎಂದು ಸೇರಿಸಿದ್ದರು. ಮನೆಯಲ್ಲಿ ಕೂತು ದುಡಿಯುವವರಿಗಾಗಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಂದು ಒಡಂಬಡಿಕೆ ತಂದಿತು. ಭಾರತ ಅದನ್ನು ಇನ್ನೂ ಅನುಮೋದಿಸಿಲ್ಲ, ಆದರೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಅದನ್ನು ಪಾಲಿಸಲು ಯಾರ ಅಡ್ಡಿಯೂ ಇಲ್ಲ.

ಕಾನೂನಿನ ವಿಷಯ ಬಂದಾಗ ಸ್ವಲ್ಪ ಹುಷಾರಾಗಿ ಹೇಳುತ್ತೇನೆ, ನಾನು ವಕೀಲೆ ಅಲ್ಲ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೇ ಅಂತ ಪ್ರತ್ಯೇಕ ಕಾಯ್ದೆಯೂ ಇಲ್ಲ. ಬೈಲಕುಪ್ಪೆ, ಮುಂಡಗೋಡದ ಟಿಬೆಟಿಯನ್ನರನ್ನು ಸರ್ಕಾರವೇ ನೇರವಾಗಿ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್‌ಗಳಿಂದ ಬಂದವರ ನೋಂದಣಿ ನೋಡುವುದು ದೆಹಲಿಯಲ್ಲಿರುವ ಯುಎನ್‌ಎಚ್‌ಸಿಆರ್, ಅಂದರೆ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ. ಅವರು ಕೊಡುವ ಕಾರ್ಡು ಕೆಲಸದ ಪರವಾನಗಿ ಅಲ್ಲ. 2011ರ ಡಿಸೆಂಬರಿನಲ್ಲಿ ಗೃಹ ಸಚಿವಾಲಯ ಹೊರಡಿಸಿದ ಕಾರ್ಯವಿಧಾನದಂತೆ ದೀರ್ಘಾವಧಿ ವೀಸಾ ಸಿಕ್ಕವರು ಖಾಸಗಿ ಕೆಲಸ ಮಾಡಬಹುದು, ಅದು ಎಲ್ಲರಿಗೂ ಸಿಕ್ಕಿಲ್ಲ. 2025ರ ಸೆಪ್ಟೆಂಬರ್ 1ರಿಂದ ವಿದೇಶಿಯರಿಗೆ ಸಂಬಂಧಿಸಿದ ಹೊಸ ಕಾಯ್ದೆಯೂ ಜಾರಿಗೆ ಬಂದಿದೆ. ಯಾರ ಕೈಯಲ್ಲಿ ಯಾವ ಕಾಗದ ಇದೆ ಎಂಬುದರ ಮೇಲೆ ಎಲ್ಲ ನಿಂತಿದೆ. ಹೊಸದಾಗಿ ಗುಂಪು ಕಟ್ಟಲು ಹೊರಟವರು ಶಾಂತಿನಗರದಲ್ಲಿರುವ ಎಫ್‌ಆರ್‌ಆರ್‌ಒ, ಅಂದರೆ ವಿದೇಶಿಯರ ನೋಂದಣಿ ಕಚೇರಿಯ ವ್ಯವಹಾರ ಬಲ್ಲ ವಕೀಲರನ್ನು ಮೊದಲು ಕಾಣಿ, ಹೊಲಿಗೆ ಮಿಷನ್ ಆಮೇಲೆ ಕೊಳ್ಳಿ.

ಕಾಗದದ ತೊಡಕು ಬೆಲೆಯೊಳಗೂ ಬಂದು ಕೂರುತ್ತದೆ. ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಅದರ ಆಸರೆ ಸಿಗಲು ಉದ್ಯಮ್ ನೋಂದಣಿ ಬೇಕು, ಆ ನೋಂದಣಿಗೆ ಆಧಾರ್ ಬೇಕು. ಆಧಾರ್ ಇಲ್ಲದ ಹೆಂಗಸು ಅಲ್ಲಿಗೇ ಹೊರಗೆ. ಆದ್ದರಿಂದ ಬಿಲ್ ಮಾಡುವ ಸಂಸ್ಥೆ ನೋಂದಣಿ ಮಾಡಿಸಿಕೊಂಡಿರಬೇಕು, ಕಂಪನಿಯ ದುಡ್ಡು ಬರುವ ತನಕ ಕಾಯದೆ ವಾರ ವಾರ ಕೂಲಿ ಬಟವಾಡೆ ಮಾಡಬೇಕು. ಅದಕ್ಕೆ ಕೈಯಲ್ಲಿ ಕಾಸು ಬೇಕು. ಅರ್ಧ ದುಡ್ಡು ಮುಂಗಡ ಕೇಳುವುದು ಈ ಕಾರಣಕ್ಕೆ, ನಿಮ್ಮ ಮೇಲೆ ಅಪನಂಬಿಕೆಯಿಂದ ಅಲ್ಲ.

ಒಂದು ಕಂಪನಿಯ ಪರ್ಚೇಸ್ ವಿಭಾಗದ ಹುಡುಗನ ನೆನಪಾಗುತ್ತದೆ. ದಾವಣಗೆರೆಯವನು, ಬಹಳ ವಿನಯ. ನಾನು ಈ ಲೆಕ್ಕವನ್ನೆಲ್ಲ ಬಿಡಿಸಿಟ್ಟಾಗ ಸುಮ್ಮನೆ ಕೇಳಿಸಿಕೊಂಡು, "ನಮ್ಮಮ್ಮನೂ ಕುಚ್ಚು ಹಾಕ್ತಿದ್ರು ಮೇಡಂ. ಹಬ್ಬದ ಸೀಸನ್ನಲ್ಲಿ ಅಂಗಡಿಯೋರು ಇನ್ನೂ ಕಮ್ಮಿ ಕೊಡೋರು, ಜಾಸ್ತಿ ಸೀರೆ ಇದೆಯಲ್ಲ ಅಂತ" ಅಂದ. ಅವನಿಗೆ ಪೂರ್ತಿ ಅರ್ಥವಾಗಿತ್ತು. ಆದರೆ ಅವನ ಕಂಪ್ಯೂಟರಿನ ಫಾರಂನಲ್ಲಿ ವಾಲ್ಯೂಮ್ ಡಿಸ್ಕೌಂಟ್ ಎಂಬ ಕಾಲಂ ಇತ್ತು, ಅದರಲ್ಲಿ ಸೊನ್ನೆ ತುಂಬಿದರೆ ಮೇಲಿನವರು ವಾಪಸ್ ಕಳಿಸುತ್ತಿದ್ದರು. ಅವನು ಎರಡು ಸಲ ಮೇಲಿನವರ ಹತ್ತಿರ ಹೋಗಿ ವಾದ ಮಾಡಿದ. ಕೊನೆಗೆ ಮುನ್ನೂರು ಹೋಗಿ ನೂರಿಪ್ಪತ್ತಾಯಿತು, ಡಿಸೈನು ಒಂದೇ ರೆಂಬೆಯದಾಯಿತು, ಗಂಟೆಯ ದುಡ್ಡು ಹಾಗೇ ಉಳಿಯಿತು. ನನ್ನ ಮಟ್ಟಿಗೆ ಅದು ಒಳ್ಳೆಯ ಆರ್ಡರು. ಅವನು ಈಗ ಬೇರೆ ಕಡೆ ಇದ್ದಾನೆ, ಅಲ್ಲಿಂದಲೂ ಕೆಲಸ ಕಳಿಸುತ್ತಾನೆ.

"ಟಿಬೆಟಿಯನ್ ಸ್ವೆಟರು ಫುಟ್‌ಪಾತಲ್ಲಿ ಅಷ್ಟು ಅಗ್ಗ, ನಿಮ್ಮ ಕೈಹೆಣಿಗೆಗೆ ಯಾಕಿಷ್ಟು?" ಎಂದೂ ಕೇಳುತ್ತಾರೆ. ಚಳಿಗಾಲದಲ್ಲಿ ಟಿಬೆಟಿಯನ್ ಅಕ್ಕಂದಿರು ಮಾರುವ ಸ್ವೆಟರುಗಳಲ್ಲಿ ಹೆಚ್ಚಿನವು ಲೂಧಿಯಾನದ ಮಿಷನ್ನುಗಳಲ್ಲಿ ಆದವು. ಸೀಸನ್ನಿಗೆ ಮುಂಚೆ ಸಾಲದಲ್ಲಿ ಮಾಲು ತಂದು, ಮಾರಿ, ಸಾಲ ತೀರಿಸುವ ಕಷ್ಟದ ವ್ಯಾಪಾರ ಅದು, ಅದರ ಮೇಲೆ ನನಗೆ ಗೌರವವಿದೆ. ಅಲ್ಲಿ ಮಾರುವವರ ಶ್ರಮ ಇದೆ. ಕೈಹೆಣಿಗೆಯಲ್ಲಿ ಅದರ ಜೊತೆಗೆ ಹೆಣೆದವರ ಅಷ್ಟೂ ಗಂಟೆಗಳಿವೆ.

ಇನ್ನೊಂದು ವಿಷಯ, ಚುಟುಕಾಗಿ. ಚೀಟಿಯ ಮೇಲೆ ಹೆಂಗಸಿನ ಫೋಟೋ, ಹೆಸರು, ಓಡಿಬಂದ ಕಥೆ ಬೇಕೆಂದು ಒತ್ತಾಯ ಮಾಡಬೇಡಿ. ಅವರ ಬಂಧುಗಳು ಇನ್ನೂ ಅಲ್ಲೇ ಇದ್ದಾರೆ. ಇಲ್ಲಿ ಮನೆ ಬಾಡಿಗೆಗೆ ಸಿಕ್ಕಿರುವುದೂ ಯಾರ ಕಣ್ಣಿಗೂ ಬೀಳದೆ ಇರುವುದರಿಂದಲೇ ಇರಬಹುದು. ಹೊಲಿಗೆಯ ಹೆಸರು, ಹಿಡಿದ ಗಂಟೆಗಳು, ಇಷ್ಟು ಬರೆದರೆ ಕೊಳ್ಳುವವರಿಗೆ ಓದಲು ಬೇಕಾದಷ್ಟಿದೆ.

ಈ ವರ್ಷ ಆರ್ಡರ್ ಕೊಡಬೇಕೆಂದಿರುವವರು ಆಷಾಢದಲ್ಲೇ ಬನ್ನಿ. ಆಗ ಪೇಟೆಯಲ್ಲೂ ಗಲಾಟೆ ಕಡಿಮೆ, ಬಟ್ಟೆ ಆರಿಸಲು ಸಮಯ ಸಿಗುತ್ತದೆ. ಒಂದು ಪೀಸಿಗೆ ಗರಿಷ್ಠ ಎಷ್ಟು ಕೊಡಬಲ್ಲಿರಿ, ಎಷ್ಟು ಪೀಸು, ಯಾವ ತಾರೀಕು, ಈ ಮೂರನ್ನು ಬರೆದುಕೊಂಡು ಬನ್ನಿ. ಪೀಸನ್ನು ತಿಂಗಳಿಗಿಷ್ಟು ಅಂತ ಹಂಚಿ ತಗೊಳ್ಳುವುದಾದರೆ ಇನ್ನೂ ಒಳ್ಳೆಯದು, ಒಂದು ಕೈಗೆ ದೀಪಾವಳಿ ತನಕ ಪ್ರತಿ ವಾರ ಕೆಲಸ ಇರುತ್ತದೆ. ಮುಂಗಡದ ಚೆಕ್ಕನ್ನು ಅದೇ ದಿನ ತಂದರೆ ಮಾರನೆಯ ದಿನವೇ ಥಾನು ತರಲು ಚಿಕ್ಕಪೇಟೆಗೆ ಹೋಗುತ್ತೇವೆ.