ನಾಸ್ಟಾಲ್ಜಿಯಾ: ಹಳೆಯ ಗೇಮ್ ರಾಗವೊಂದು ಕಾಡುವ ಬಗೆ

ಏನೋ ಕೆಲಸದಲ್ಲಿ ಮುಳುಗಿರುತ್ತೀರಿ. ಪಕ್ಕದಲ್ಲಿ ಯಾರದೋ ಫೋನಿನಿಂದ ಸೂಪರ್ ಮಾರಿಯೋ ಬ್ರದರ್ಸ್ ಎಂಬ ಹಳೆಯ ವಿಡಿಯೋ ಗೇಮ್‌ನ ನೀರೊಳಗಿನ ಹಂತದ ರಾಗ ಕೇಳಿಸುತ್ತದೆ. ಮೊದಲು ಹೆಬ್ಬೆರಳು ಅಲುಗುತ್ತದೆ. ಆಮೇಲೆ ಎದೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ. ಖುಷಿಯೂ ಹೌದು, ನೋವೂ ಹೌದು. ಈ ಎರಡೂ ಬೆರೆತ ಭಾವಕ್ಕೆ ಇರುವ ಹೆಸರು ನಾಸ್ಟಾಲ್ಜಿಯಾ.

ಕನ್ನಡದಲ್ಲಿ ಇದಕ್ಕೆ ಹಳಹಳಿಕೆ ಅನ್ನುವವರಿದ್ದಾರೆ. ನನಗೆ ಆ ಪದದಲ್ಲಿ ಕೊರಗು ಸ್ವಲ್ಪ ಜಾಸ್ತಿ ಅನಿಸುತ್ತದೆ. ಹಂಬಲ ಅಂದರೆ ಮುಂದೆ ಸಿಗಬೇಕಾದದ್ದಕ್ಕೂ ಹಂಬಲವೇ. ನೆನವರಿಕೆಯಲ್ಲಿ ನೆನಪಿದೆ, ಸಂಕಟ ಇಲ್ಲ. ಹತ್ತಿರ ಬರುವುದು ನಮ್ಮ 'ಕಾಡು' ಎನ್ನುವ ಕ್ರಿಯಾಪದ. 'ಆ ರಾಗ ಇವತ್ತೆಲ್ಲಾ ಕಾಡ್ತಾ ಇದೆ' ಅಂದರೆ ಅದರಲ್ಲಿ ದೂರೂ ಇದೆ, ಪ್ರೀತಿಯೂ ಇದೆ, ಅಲ್ವಾ?

ಪದದ ಹುಟ್ಟೇ ಒಂದು ಒಳ್ಳೆಯ ಕಥೆ. 1688ರಲ್ಲಿ ಯೋಹಾನ್ನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ಒಂದು ಪ್ರಬಂಧ ಬರೆದ. ಮನೆ ಬಿಟ್ಟು ದೂರ ಹೋದವರು ಸೊರಗುವುದನ್ನು ಅವನು ಒಂದು ಕಾಯಿಲೆ ಎಂದೇ ಭಾವಿಸಿದ್ದ. ಅದಕ್ಕೊಂದು ಹೆಸರು ಬೇಕಿತ್ತು. ಗ್ರೀಕಿನಲ್ಲಿ ನೋಸ್ಟೋಸ್ ಅಂದರೆ ಮನೆಗೆ ಮರಳುವುದು, ಆಲ್ಗೋಸ್ ಅಂದರೆ ನೋವು. ಎರಡನ್ನೂ ಸೇರಿಸಿ ನಾಸ್ಟಾಲ್ಜಿಯಾ ಎಂದ. ಆಗ ಅದು ಊರಿನ ಹಂಬಲ. ಕಳೆದುಹೋದ ಕಾಲದ ಹಂಬಲ ಎಂಬ ಅರ್ಥ ಬಂದದ್ದು ಆಮೇಲೆ.

ಈ ಪದಕ್ಕೆ ಸಂಗೀತದ ನಂಟು ಬಹಳ ಹಳೆಯದು. ಪರದೇಶದ ಸೈನ್ಯಗಳಲ್ಲಿ ಕೂಲಿಗೆ ದುಡಿಯುತ್ತಿದ್ದ ಸ್ವಿಸ್ ಸೈನಿಕರಿಗೆ, ಬೆಟ್ಟದ ದನಗಾಹಿಗಳ ಒಂದು ರಾಗ ಕಿವಿಗೆ ಬಿದ್ದರೆ ಸಾಕು, ಅಳು ಬರುತ್ತಿತ್ತಂತೆ. ಕೆಲವರು ಸೈನ್ಯ ಬಿಟ್ಟು ಓಡುತ್ತಿದ್ದರಂತೆ. ಹಾಗಾಗಿ ಆ ರಾಗ ನುಡಿಸುವುದನ್ನೇ ನಿಷೇಧಿಸಿದ್ದರು ಎಂದು ಚಿಂತಕ ರೂಸೋ 1768ರ ತನ್ನ ಸಂಗೀತ ನಿಘಂಟಿನಲ್ಲಿ ಬರೆದಿದ್ದಾನೆ. ಅವನು ಅಲ್ಲೇ ಇನ್ನೊಂದು ಮಾತು ಸೇರಿಸಿದ. ಬೇರೆ ದೇಶದವರು ಆ ರಾಗ ಕೇಳಿದರೆ ಏನೂ ಆಗುವುದಿಲ್ಲ. ಅದು ಅಲ್ಲಿ ಸಂಗೀತದ ಕೆಲಸ ಮಾಡುತ್ತಿಲ್ಲ, ನೆನಪಿನ ಗುರುತಾಗಿ ಕೆಲಸ ಮಾಡುತ್ತಿದೆ.

ಗೇಮ್ ಸಂಗೀತಕ್ಕೆ ಇದಕ್ಕಿಂತ ಸರಿಯಾದ ವಿವರಣೆ ನನಗೆ ಸಿಕ್ಕಿಲ್ಲ. ಟೆಟ್ರಿಸ್ ನೋಡಿ. 1989ರಲ್ಲಿ ಗೇಮ್ ಬಾಯ್ ಎಂಬ, ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಬಂದ ಆ ಆಟದ ಪ್ರಸಿದ್ಧ ರಾಗ ನಿಜಕ್ಕೂ ಒಂದು ರಷ್ಯನ್ ಜನಪದ ಹಾಡು, ಕೊರೊಬೈನಿಕಿ. ಅದರ ಸಾಹಿತ್ಯ 1861ರ ಒಂದು ಕವಿತೆಯಿಂದ ಬಂದದ್ದು. ಹಾಡಾಗಿ ಕೇಳಿ ಬೆಳೆದವರಿಗೆ ಅದು ಊರೂರು ಅಲೆಯುವ ವ್ಯಾಪಾರಿಯ ಕಥೆ. ಆಟವಾಡಿ ಬೆಳೆದವರಿಗೆ ಅದು ಮೇಲಿಂದ ಬೀಳುವ ಇಟ್ಟಿಗೆ. ಎರಡೂ ಇಲ್ಲದವರಿಗೆ ಬರೀ ಪೀಂ ಪೀಂ ಸದ್ದು.

ಸಿನಿಮಾ ಹಾಡೂ ನೆನಪು ತರುತ್ತದೆ. ಆದರೆ ಗೇಮ್ ರಾಗ ಹಿಡಿದುಕೊಳ್ಳುವ ರೀತಿಯೇ ಬೇರೆ. ಇದಕ್ಕೆ ಒಂದು ಕಾರಣ ಆ ಕಾಲದ ಯಂತ್ರ. ನಿಂಟೆಂಡೊ ಕಂಪನಿಯ ಎಂಟು-ಬಿಟ್ (ಒಮ್ಮೆಗೆ ಪುಟ್ಟ ಮಾಹಿತಿಯನ್ನಷ್ಟೇ ನಿಭಾಯಿಸುವ ಹಳೆಯ ಬಗೆಯ) ಗೇಮ್ ಯಂತ್ರದಲ್ಲಿ ಸದ್ದಿಗೆ ಇದ್ದದ್ದು ಐದೇ ದಾರಿ. ರಾಗಕ್ಕೆ ಪಲ್ಸ್ ಎಂಬ ಎರಡು, ಮಂದ್ರ ದನಿಗೆ ಟ್ರಯಾಂಗಲ್ ಎಂಬ ಒಂದು, ತಾಳದ ಸದ್ದಿಗೆ ನಾಯ್ಸ್ ಎಂಬ ಒಂದು, ಮತ್ತೆ ಮೊದಲೇ ಮುದ್ರಿಸಿಟ್ಟ ಪುಟ್ಟ ಸದ್ದಿನ ತುಣುಕುಗಳಿಗೆ (ಸ್ಯಾಂಪಲ್) ಒಂದು. 1985ರ ಸೂಪರ್ ಮಾರಿಯೋ ಇಡೀ ಆಟ ಸುಮಾರು 40 ಕಿಲೋಬೈಟ್. ಇವತ್ತು ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋ ಇದರ ಎಷ್ಟೋ ಪಟ್ಟು ದೊಡ್ಡದು. ಇಷ್ಟು ಜಾಗದಲ್ಲಿ ಉದ್ದದ ಸಂಗೀತ ಹಿಡಿಸುವುದಿಲ್ಲ. ಹಾಗಾಗಿ ಮಾರಿಯೋಗೆ ಸಂಗೀತ ಕೊಟ್ಟ ಕೋಜಿ ಕೊಂಡೊ ಅವರಂಥ ಸಂಗೀತಗಾರರು ಒಂದೂವರೆ ನಿಮಿಷದೊಳಗಿನ ರಾಗ ಕಟ್ಟಿ, ಅದು ಸುತ್ತಿ ಸುತ್ತಿ ಬರುವಂತೆ ಮಾಡಿದರು. ಅದನ್ನೇ ಲೂಪ್ ಅನ್ನುವುದು. ಸೋತಾಗ ಅದೇ ರಾಗ ಮತ್ತೆ ಮೊದಲಿಂದ. ಒಂದು ರಜೆಯಲ್ಲಿ ಎಷ್ಟು ಸಲ ಸೋತೆವೋ ಅಷ್ಟು ಸಲ ಕೇಳಿದೆವು. ಪಾಠ ಕೂಡ ಅಷ್ಟು ಸಲ ಓದಿರಲಿಲ್ಲ.

ಇದರ ಜೊತೆಗೆ ನನಗೆ ತುಂಬಾ ಇಷ್ಟವಾಗುವ ಒಂದು ವಿಷಯ ಇದೆ. ಐದೇ ದಾರಿ ಇದ್ದಿದ್ದರಿಂದ ಸಂಗೀತವೂ ಆಟದ ಇತರ ಸದ್ದುಗಳೂ ಜಾಗ ಹಂಚಿಕೊಳ್ಳಬೇಕಿತ್ತು. ಮಾರಿಯೋ ಜಿಗಿದರೆ ಆ ಜಿಗಿತದ ಸದ್ದು, ಹಿಂದೆ ನುಡಿಯುತ್ತಿದ್ದ ಒಂದು ದನಿಯನ್ನು ಆ ಕ್ಷಣಕ್ಕೆ ಕಸಿದುಕೊಳ್ಳುತ್ತಿತ್ತು. ಅಂದರೆ ನೀವು ಕೇಳಿದ ರಾಗದಲ್ಲಿ ನಿಮ್ಮ ಜಿಗಿತಗಳೂ ಸೇರಿದ್ದವು. ಪಕ್ಕದಲ್ಲಿ ಕೂತು ತನ್ನ ಸರದಿಗೆ ಕಾಯುತ್ತಿದ್ದವನು ಆಡಿದಾಗ ಅದೇ ರಾಗ ಬೇರೆ ಬೇರೆ ಕಡೆ ತುಂಡಾಗುತ್ತಿತ್ತು. ಹಂತ ಮುಗಿಸಲು ಇದ್ದ ಸಮಯ 100ಕ್ಕೆ ಇಳಿದರೆ ರಾಗ ಓಡಲು ಶುರು ಮಾಡುತ್ತಿತ್ತು, ಎದೆಬಡಿತವೂ ಅದರ ಹಿಂದೆಯೇ. ನಾವು ಆ ಸಂಗೀತವನ್ನು ಬರೀ ಕೇಳಲಿಲ್ಲ, ಬೆರಳಿನಿಂದ ಅದರೊಳಗೆ ಇದ್ದೆವು. ಇಷ್ಟು ವರ್ಷದ ಮೇಲೂ ಮೊದಲು ಹೆಬ್ಬೆರಳು ಅಲುಗುವುದು ಇದಕ್ಕೇ ಇರಬೇಕು.

ಇನ್ನೊಂದು ಕಾರಣವೂ ಇದೆ ಅಂತ ನನ್ನ ನಂಬಿಕೆ. ಸಿನಿಮಾ ಹಾಡು ಆಮೇಲೂ ರೇಡಿಯೋದಲ್ಲಿ, ಬಸ್ಸಿನಲ್ಲಿ ಕೇಳಿಸುತ್ತಲೇ ಇರುತ್ತದೆ. ಪ್ರತಿ ಸಲವೂ ಹೊಸ ನೆನಪೊಂದು ಅಂಟಿಕೊಳ್ಳುತ್ತದೆ. ಹಳೆಯದು ಅಡಿಗೆ ಹೋಗುತ್ತದೆ. ಗೇಮ್ ರಾಗ ಆ ಯಂತ್ರದ ಜೊತೆ ಪೆಟ್ಟಿಗೆ ಸೇರಿ ಅಟ್ಟ ಹತ್ತಿತು. ಇಪ್ಪತ್ತು ವರ್ಷ ಯಾರೂ ಮುಟ್ಟಲಿಲ್ಲ. ಹಾಗಾಗಿ ಒಂದು ದಿನ ದಿಢೀರ್ ಅಂತ ಕಿವಿಗೆ ಬಿದ್ದಾಗ ನಡುವಿನ ವರ್ಷಗಳು ಯಾವುವೂ ಅದಕ್ಕೆ ಅಂಟಿರುವುದಿಲ್ಲ. ಅದು ನೇರ ಆ ಕೋಣೆಗೆ ಕರೆದೊಯ್ಯುತ್ತದೆ.

ಮಿದುಳಿನಲ್ಲಿ ಏನಾಗುತ್ತದೆ ಎಂದು ನೋಡಿದವರೂ ಇದ್ದಾರೆ. ಪೇಟ್ರ್ ಜನಾಟಾ ಎಂಬ ವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಅವರ ಬಾಲ್ಯದ, ಹರೆಯದ ಹಾಡಿನ ತುಣುಕುಗಳನ್ನು ಕೇಳಿಸಿದರು. ಯಾವ ತುಣುಕು ಸ್ವಂತ ನೆನಪನ್ನು ಎಬ್ಬಿಸಿತೋ, ಆಗ ಹಣೆಯ ಹಿಂದೆ, ಮಿದುಳಿನ ನಡುಭಾಗದ ಒಂದು ಜಾಗ ಹೆಚ್ಚು ಚುರುಕಾಯಿತು. ನಮ್ಮ ಬಗ್ಗೆ ನಾವೇ ಯೋಚಿಸುವಾಗ ಕೆಲಸ ಮಾಡುವ ಜಾಗ ಅದು. ಹತ್ತರಿಂದ ಮೂವತ್ತರ ಒಳಗಿನ ವಯಸ್ಸಿನ ನೆನಪುಗಳು ಮುಂದೆ ಜಾಸ್ತಿ ಮರಳಿ ಬರುತ್ತವೆ ಎನ್ನುವುದನ್ನೂ ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ.

ಅಟ್ಟದಿಂದ ಯಂತ್ರ ಇಳಿಸಿ ಮತ್ತೆ ಆಡಿದರೆ ಈ ಭಾವ ಸಿಗುತ್ತದಾ? ಪೂರ್ತಿ ಸಿಗುವುದಿಲ್ಲ. ಚಿತ್ರ ನೆನಪಿಗಿಂತ ಒರಟಾಗಿ ಕಾಣುತ್ತದೆ. ಬೆಟ್ಟದಷ್ಟು ದೊಡ್ಡದಾಗಿದ್ದ ಹಂತ ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಬೆರಳು ಮೊದಲಿನಷ್ಟು ಚುರುಕಿಲ್ಲ. ರಾಗ ಮಾತ್ರ ಒಂದು ಸ್ವರವೂ ಕುಂದದೆ ಹಾಗೇ ಇರುತ್ತದೆ.

ಪದ ಬಳಸುವಾಗ ಒಂದು ವ್ಯತ್ಯಾಸ ಗಮನಿಸಬೇಕು. ಎಂಟು-ಬಿಟ್ ಸದ್ದಿನಲ್ಲಿ ಇವತ್ತೂ ಹೊಸ ಸಂಗೀತ ಕಟ್ಟುತ್ತಾರೆ. ಅದಕ್ಕೆ ಚಿಪ್‌ಟ್ಯೂನ್ ಎನ್ನುತ್ತಾರೆ. ಅದು ಒಂದು ಶೈಲಿಯ ಹೆಸರು. ಆ ಯಂತ್ರವನ್ನು ಕಣ್ಣಿಂದಲೂ ನೋಡದ ಹದಿನೈದರ ಹುಡುಗಿಗೆ ಅದು ಇಷ್ಟವಾದರೆ ಅದು ಸಂಗೀತ ಹಿಡಿಸಿದ್ದು, ಅಷ್ಟೇ. 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಮಾರಿಯೋ ರಾಗವನ್ನು ಸೇರಿಸಿತು. ಆ ಪಟ್ಟಿ ಸೇರಿದ ಮೊದಲ ಗೇಮ್ ಸಂಗೀತ ಅದು. ರಾಗಕ್ಕೆ ಅದರದೇ ಬೆಲೆ ಇದೆ ಎನ್ನಲು ಅಷ್ಟು ಸಾಕು. ಆದರೆ ಅದನ್ನು ಕೇಳಿ, ಪಕ್ಕದಲ್ಲಿ ಕೂತು ಸರದಿಗೆ ಕಾಯುತ್ತಿದ್ದವನ ಮುಖ ಕಣ್ಣ ಮುಂದೆ ಬಂದರೆ, ಆಗ ಅದು ನಾಸ್ಟಾಲ್ಜಿಯಾ.