ಲ್ಯಾಬಿನ ತಟ್ಟೆಯಲ್ಲಿ ಗೆದ್ದ ಸಾರ, ಮೈಯಲ್ಲಿ ಗೆಲ್ಲುತ್ತದಾ?

ಕೊಲೆಸ್ಟ್ರಾಲ್ ಇಳಿಸುವ ಲಕ್ಷಣ ತೋರಿಸುವ ನೈಸರ್ಗಿಕ ವಸ್ತು ಹುಡುಕುವುದು ಕಷ್ಟವೇನಲ್ಲ. ಬೇರು, ತೊಗಟೆ, ಪಾಚಿ, ಕಡಲ ಸ್ಪಂಜು, ಒಂದಷ್ಟು ತಂದು ಸಾರ ತೆಗೆದು ಪರೀಕ್ಷೆಗೆ ಹಾಕಿ. ಯಾವುದಾದರೂ ಒಂದು 'ಪಾಸ್' ಆಗೇ ಆಗುತ್ತದೆ. ತಲೆನೋವು ಶುರುವಾಗುವುದು ಆಮೇಲೆ.

ನಮ್ಮ ಲ್ಯಾಬಿನಲ್ಲಿ ಮಾಡುವ ಮೊದಲ ಪರೀಕ್ಷೆ ಹೀಗಿರುತ್ತದೆ. ಲಿವರ್‌ನ ಜೀವಕೋಶಗಳ ಮೇಲೆ ಎಲ್‌ಡಿಎಲ್ ರಿಸೆಪ್ಟರ್ ಅನ್ನುವ ಪ್ರೊಟೀನ್ ಇದೆ. ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲನ್ನು, ಅಂದರೆ ಎಲ್‌ಡಿಎಲ್ ಅನ್ನು, ಹಿಡಿದು ಒಳಗೆಳೆದುಕೊಳ್ಳುವುದು ಅದರ ಕೆಲಸ. ಅದರ ಜೀನ್ ಚಾಲೂ ಮಾಡುವ ಭಾಗಕ್ಕೆ ಮಿಂಚುಹುಳದಲ್ಲಿ ಬೆಳಕು ಹುಟ್ಟಿಸುವ ಲೂಸಿಫರೇಸ್ ಜೀನನ್ನು ಜೋಡಿಸುತ್ತೇವೆ. ಸಾರ ಹಾಕಿದ ಮೇಲೆ ಬೆಳಕು ಜಾಸ್ತಿಯಾದರೆ, ರಿಸೆಪ್ಟರ್ ಕೂಡ ಜಾಸ್ತಿಯಾಗುತ್ತಿರಬಹುದು. ಆಗುತ್ತಿರಬಹುದು, ಅಷ್ಟೇ. ಗಿಡದಲ್ಲಿರುವ ಒಗರು ಪದಾರ್ಥ ಟ್ಯಾನಿನ್ ಸಿಕ್ಕಸಿಕ್ಕ ಪ್ರೊಟೀನಿಗೆಲ್ಲ ಅಂಟಿಕೊಂಡು ಲೆಕ್ಕ ಕೆಡಿಸುತ್ತದೆ. ಎಲೆಯ ಗಾಢ ಬಣ್ಣ ಬೆಳಕನ್ನೇ ನುಂಗುತ್ತದೆ. ಇನ್ನೊಂದು ಕಡೆ, ಒಳ್ಳೆಯ ವಸ್ತುವೇ ಕೈತಪ್ಪಲೂಬಹುದು. ಮರದರಿಶಿನದಲ್ಲಿರುವ ಬರ್ಬೆರಿನ್ ನೋಡಿ. ಅದು ರಿಸೆಪ್ಟರಿನ ಎಂಆರ್‌ಎನ್‌ಎ (ಪ್ರೊಟೀನ್ ತಯಾರಿಸಲು ಬಳಕೆಯಾಗುವ ಜೀನಿನ ನಕಲು) ಬೇಗ ಹಾಳಾಗದಂತೆ ಕಾಯುತ್ತದೆ ಅಂತ 2004ರಲ್ಲಿ ತೋರಿಸಿದರು. ಜೀನ್ ಚಾಲೂ ಆಯಿತಾ ಅಂತ ಮಾತ್ರ ನೋಡುವ ಪರೀಕ್ಷೆಗೆ ಇಂಥದ್ದು ಕಾಣದೇ ಹೋಗಬಹುದು.

ಪಾಸಾದ ಸಾರವನ್ನು ಹೆಕ್ಸೇನ್, ಈಥೈಲ್ ಅಸಿಟೇಟ್, ನೀರು ಅಂತ ಬೇರೆ ಬೇರೆ ದ್ರಾವಕಗಳಲ್ಲಿ ಪಾಲು ಮಾಡುತ್ತೇವೆ. ಪ್ರತಿ ಪಾಲನ್ನೂ ಮತ್ತೆ ಪರೀಕ್ಷಿಸಿ, ಕೆಲಸ ಮಾಡಿದ್ದನ್ನು ಕಾಲಂ ಅನ್ನುವ, ವಸ್ತುಗಳನ್ನು ಬೇರ್ಪಡಿಸುವ ಕೊಳವೆಯಲ್ಲಿ ಇಳಿಸಿ ಮತ್ತೆ ಒಡೆಯುತ್ತೇವೆ. ಎಷ್ಟೋ ಸಲ ಒಡೆಯುತ್ತಾ ಹೋದಂತೆ ಗುಣವೇ ಮಾಯ. ಉಳಿದರೆ ಎನ್‌ಎಂಆರ್‌ಗೆ (ಅಣುವಿನ ರಚನೆ ತಿಳಿಸುವ ಯಂತ್ರಕ್ಕೆ) ಹಾಕಿ ರಚನೆ ನೋಡುತ್ತೇವೆ. ಅಲ್ಲಿ ಬಂದು ಕೂತಿರುವುದು ಹೆಚ್ಚಾಗಿ ಹಳೇ ಪರಿಚಯದ ಸಸ್ಯ ಸ್ಟೆರಾಲ್, ಬೀಟಾ-ಸೈಟೋಸ್ಟೆರಾಲ್! ಅದೇನು ಕೆಲಸಕ್ಕೆ ಬಾರದ್ದಲ್ಲ. ಕರುಳಿನಲ್ಲಿ ಕೊಲೆಸ್ಟ್ರಾಲ್ ಹೀರುವುದಕ್ಕೆ ಅಡ್ಡ ಬರುತ್ತದೆ. ಸಸ್ಯ ಸ್ಟೆರಾಲ್‌ಗಳನ್ನು ದಿನಕ್ಕೆ ಸುಮಾರು 2 ಗ್ರಾಂ ತೆಗೆದುಕೊಂಡರೆ ಎಲ್‌ಡಿಎಲ್ ಶೇ 8ರಿಂದ 10ರಷ್ಟು ಇಳಿಯುತ್ತದೆ. ಆದರೆ ಹೊಸದಲ್ಲ, ಅಲ್ವಾ?

ಹೊಸದು ಬೇಕಾದರೆ ಕಡಲು ವಾಸಿ. ಥಿಯೊನೆಲ್ಲಾ ಅನ್ನುವ ಸ್ಪಂಜಿನಲ್ಲಿ ಸಿಕ್ಕ ಥಿಯೊನೆಲ್ಲಾಸ್ಟೆರಾಲ್, ಪಿತ್ತ ಮತ್ತು ಕೊಲೆಸ್ಟ್ರಾಲ್ ಲೆಕ್ಕ ನೋಡಿಕೊಳ್ಳುವ ಎಫ್‌ಎಕ್ಸ್‌ಆರ್ ರಿಸೆಪ್ಟರನ್ನು ತಡೆಯುತ್ತದೆ. ಕಂದು ಪಾಚಿಯ ಫ್ಯೂಕೊಸ್ಟೆರಾಲ್ ಇನ್ನೊಂದು ರಿಸೆಪ್ಟರ್ ಆದ ಎಲ್‌ಎಕ್ಸ್‌ಆರ್ ಅನ್ನು ಚುರುಕು ಮಾಡುತ್ತದೆ. ಇದರಿಂದ ಜೀವಕೋಶದೊಳಗಿನ ಕೊಲೆಸ್ಟ್ರಾಲ್ ಹೊರಹೋಗುತ್ತದೆ. ಆದರೆ ಎಲ್‌ಎಕ್ಸ್‌ಆರ್ ಜೋರಾದರೆ ಲಿವರ್ ಕೊಬ್ಬು ಮಾಡಲು ಶುರುಮಾಡುತ್ತದೆ ಅನ್ನುವ ಕಾಟವೂ ಇದೆ. ಕೇಜಿಗಟ್ಟಲೆ ಸ್ಪಂಜಿನಿಂದ ಮಿಲಿಗ್ರಾಂ ಲೆಕ್ಕದಲ್ಲಿ ವಸ್ತು ಸಿಗುವ ಪಾಡು ಬೇರೆ.

ಎಫ್‌ಎಕ್ಸ್‌ಆರ್ ಅಂದಕೂಡಲೇ ನನಗೆ ಆಯುರ್ವೇದದ ಮದ್ದಾದ ಗುಗ್ಗುಳ (ಒಂದು ಗಿಡದ ಅಂಟು) ನೆನಪಾಗುತ್ತದೆ. ಅದರ ಗುಗ್ಗುಲ್‌ಸ್ಟೆರೋನ್ ಇದೇ ರಿಸೆಪ್ಟರನ್ನು ತಡೆಯುತ್ತದೆ ಅಂತ 2002ರಲ್ಲಿ ವರದಿ ಬಂತು. ಕಾರ್ಯವಿಧಾನ ಸಿಕ್ಕಿತು ಅಂತ ಎಲ್ಲರಿಗೂ ಖುಷಿ. ಮರುವರ್ಷವೇ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನರಿಗೆ 8 ವಾರ ಕೊಟ್ಟು ನೋಡಿದ ಫಲಿತಾಂಶ ಬಂತು. ಗುಗ್ಗುಳದ ಸಾರ ತೆಗೆದುಕೊಂಡವರಲ್ಲಿ ಎಲ್‌ಡಿಎಲ್ ಶೇ 4–5ರಷ್ಟು ಏರಿತ್ತು. ಕೆಲವರಿಗೆ ಮೈಮೇಲೆ ದದ್ದು ಎದ್ದಿತ್ತು.

ಉಲ್ಟಾ ಆಗಿದ್ದೂ ಇದೆ. ಜಪಾನಿನ ಅಕಿರಾ ಎಂಡೋ ಸುಮಾರು 6000 ಸೂಕ್ಷ್ಮಜೀವಿಗಳನ್ನು ಜಾಲಾಡಿ, ಪೆನಿಸಿಲಿಯಂ ಜಾತಿಯ ಬೂಷ್ಟಿನಲ್ಲಿ 1973ರಲ್ಲಿ ಕೊಲೆಸ್ಟ್ರಾಲ್ ತಯಾರಿ ತಡೆಯುವ ಕಾಂಪ್ಯಾಕ್ಟಿನ್ ಪತ್ತೆ ಮಾಡಿದರು. ಇಲಿಗಳಿಗೆ ಕೊಟ್ಟರೆ ಕೊಲೆಸ್ಟ್ರಾಲ್ ಜಗ್ಗಲೇ ಇಲ್ಲ. ಮೊಟ್ಟೆ ಇಡುವ ಕೋಳಿಗಳಿಗೆ ಕೊಟ್ಟಾಗ ಇಳಿಯಿತು. ಇಲಿಯನ್ನೇ ನಂಬಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದೇ ಕುಟುಂಬದ, ಅಂದರೆ ಸ್ಟ್ಯಾಟಿನ್ ಗುಂಪಿನ, ಲೋವಾಸ್ಟ್ಯಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಹಾಗಾಗಿ 'ನೈಸರ್ಗಿಕ' ಅನ್ನುವ ಲೇಬಲ್ ನೋಡಿ ನಾನು ಏನನ್ನೂ ತೀರ್ಮಾನಿಸುವುದಿಲ್ಲ. ಕೆಂಪು ಯೀಸ್ಟ್ ಅಕ್ಕಿಯ (ಬೂಷ್ಟು ಬೆಳೆಸಿ ಹುದುಗಿಸಿದ ಅಕ್ಕಿ) ಮಾತ್ರೆಯಲ್ಲಿರುವ ಮೊನಾಕೊಲಿನ್ ಕೆ ಮತ್ತು ಲೋವಾಸ್ಟ್ಯಾಟಿನ್ ಎರಡೂ ಒಂದೇ ವಸ್ತು. ಸ್ನಾಯುನೋವಿನ ಅಪಾಯವೂ ಅದೇ. ಸರಿಯಾಗಿ ತಯಾರಿಸದಿದ್ದರೆ ಕಿಡ್ನಿಗೆ ವಿಷವಾಗುವ ಸಿಟ್ರಿನಿನ್ ಕೂಡ ಸೇರಿರಬಹುದು. ಈಗಾಗಲೇ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವವರು ಸುಮ್ನೆ ಇರಲಿ ಅಂತ ಇದನ್ನೂ ಸೇರಿಸಿಕೊಂಡರೆ ಒಂದೇ ಜಾತಿಯ ಮದ್ದನ್ನು ಎರಡೆರಡು ಸಲ ನುಂಗಿದ ಹಾಗೆ. ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿಬಿಡಿ.